ಅರ್ಧ ಹಡಗು, ಪೂರ್ತಿ ದಾಖಲೆ: ಹಳೆಯ ಉಗಿ ಯುದ್ಧನೌಕೆಗಳ ಅರ್ಧಮಾದರಿಯನ್ನು ಓದುವ ಮತ್ತು ಕಾಪಾಡುವ ಬಗೆ

ಹಡಗಿನ ಒಡಲನ್ನು ಮೂತಿಯಿಂದ ಹಿಂಬದಿಯವರೆಗೆ ನಟ್ಟನಡುವೆ ಸೀಳಿದರೆ ಎಡ ಮತ್ತು ಬಲದ ಹೋಳುಗಳು ಒಂದರ ಕನ್ನಡಿಬಿಂಬದಂತೆ ಇನ್ನೊಂದು ಇರುತ್ತವೆ. ಆಕಾರವನ್ನು ತಿಳಿಯಲು ಒಂದು ಹೋಳು ಸಾಕು. ಈ ಸರಳ ಕಾರಣಕ್ಕಾಗಿಯೇ ಹತ್ತೊಂಬತ್ತನೆಯ ಶತಮಾನದ ಹಡಗುಕಟ್ಟೆಗಳಲ್ಲಿ ಮರದ ಅರ್ಧಮಾದರಿಗಳು ಬಳಕೆಯಲ್ಲಿದ್ದವು. ಒಂದು ಬದಿ ಚಪ್ಪಟೆಯಾಗಿ, ಇನ್ನೊಂದು ಬದಿ ಹಡಗಿನ ಉಬ್ಬುತಗ್ಗುಗಳನ್ನೆಲ್ಲ ತಾಳಿಕೊಂಡು, ಹಲಗೆಯೊಂದರ ಮೇಲೆ ಕೂತಿರುವ ಈ ವಸ್ತುಗಳು ಇಂದು ಹರಾಜುಕೋಣೆಗಳಲ್ಲಿಯೂ ಹಳೆಯ ಮನೆಗಳ ಗೋಡೆಗಳಲ್ಲಿಯೂ ಅಲಂಕಾರವೆಂಬ ಹೆಸರಿನಲ್ಲಿ ಕಾಣಸಿಗುತ್ತವೆ. ಆದರೆ ಅವುಗಳಲ್ಲಿ ಬಹುಪಾಲು ಅಲಂಕಾರಕ್ಕಾಗಿ ಮಾಡಿದವಲ್ಲ, ಕೆಲಸಕ್ಕಾಗಿ ಮಾಡಿದವು. ಅಂಥದೊಂದು ಕೈಗೆ ಬಂದಾಗ ಒರೆಸುವ, ಮೆರುಗು ಹಚ್ಚುವ ಆತುರವನ್ನು ಬದಿಗಿಟ್ಟು ಮೊದಲು ಅದನ್ನು ಓದಬೇಕು ಎಂಬುದು ಈ ಲೇಖನದ ಮುಖ್ಯ ಮಾತು. ಬ್ರಿಟಿಷ್ ನೌಕಾಪಡೆಯ ಉಗಿ ಹಡಗುಗಳ ಮಾದರಿಗಳು ಸಾಕಷ್ಟು ಉಳಿದು ಬಂದಿರುವುದರಿಂದ ಉದಾಹರಣೆಗಳನ್ನು ಅಲ್ಲಿಂದಲೇ ತೆಗೆದುಕೊಂಡಿದ್ದೇನೆ.

ಮೊದಲು: ಇದು ಯಾವ ಬಗೆಯ ಮಾದರಿ?

ಅರ್ಧಮಾದರಿಗಳಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಯಾವ ಬಗೆಯೆಂದು ಗೊತ್ತಾದರೆ ಮುಂದಿನ ಹೆಜ್ಜೆಗಳೆಲ್ಲ ಸುಲಭವಾಗುತ್ತವೆ.

ಒಂದನೆಯದು ಪದರಗಳ ಮಾದರಿ. ಒಂದರ ಮೇಲೊಂದು ಜೋಡಿಸಿದ ತೆಳು ಹಲಗೆಗಳನ್ನು ಮರದ ಗೂಟಗಳಿಂದಲೋ ತಿರುಪುಮೊಳೆಗಳಿಂದಲೋ ಬಿಗಿದು ಹೊರಮೈಯನ್ನು ಹಡಗಿನ ಆಕಾರಕ್ಕೆ ಕೆತ್ತುತ್ತಿದ್ದರು. ಆಕಾರ ಕಣ್ಣಿಗೂ ಕೈಗೂ ಒಪ್ಪಿದ ಮೇಲೆ ಪದರಗಳನ್ನು ಬಿಡಿಸಿ, ಪ್ರತಿಯೊಂದರ ಅಂಚನ್ನು ಅಳೆದು, ಆ ಅಳತೆಗಳನ್ನು ದೊಡ್ಡ ಕೋಣೆಯ ನೆಲದ ಮೇಲೆ ನಿಜಗಾತ್ರಕ್ಕೆ ಹಿಗ್ಗಿಸಿ ಬರೆಯುತ್ತಿದ್ದರು. ಇಂಥ ಮಾದರಿಯ ಮೈಮೇಲೆ ಉದ್ದಕ್ಕೂ ಸಮಾಂತರ ಗೆರೆಗಳಂತೆ ಬೆಸುಗೆಗಳು ಕಾಣುತ್ತವೆ; ಕೆಲವೊಮ್ಮೆ ತಿಳಿ ಮರ ಮತ್ತು ಕಡು ಮರಗಳನ್ನು ಒಂದಾದ ಮೇಲೊಂದರಂತೆ ಬಳಸಿರುವುದರಿಂದ ಪದರಗಳು ಎದ್ದು ತೋರುತ್ತವೆ.

ಎರಡನೆಯದು ಕಬ್ಬಿಣದ ಮತ್ತು ಉಕ್ಕಿನ ಹಡಗುಗಳ ಕಾಲದ್ದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಮೂಲ್ಯವಾದದ್ದು: ತಗಡುಹಾಸಿನ ಮಾದರಿ. ಪೈನ್ ಮರದ ದಿಮ್ಮಿಯನ್ನು ಆಕಾರಕ್ಕೆ ಕೆತ್ತಿ, ಬಿಳಿ ಅಥವಾ ಕೆನೆಬಣ್ಣ ಬಳಿದು, ಅದರ ಮೇಲೆ ಹಡಗಿನ ಹೊರಮೈಯ ಪ್ರತಿಯೊಂದು ಲೋಹದ ತಗಡಿನ ಅಂಚನ್ನೂ ಕಪ್ಪು ಶಾಯಿಯಲ್ಲಿ ಎಳೆದು, ಒಳಗೆ ಕ್ರಮಸಂಖ್ಯೆಯನ್ನು ಬರೆಯುತ್ತಿದ್ದರು. ಬಾಗಿದ ಮೈಯ ಮೇಲೆ ಯಾವ ತಗಡು ಎಷ್ಟು ಉದ್ದ, ಎಷ್ಟು ಅಗಲ ಬರುತ್ತದೆಂಬುದನ್ನು ಚಪ್ಪಟೆ ಕಾಗದದ ನಕ್ಷೆಯಿಂದ ನೇರವಾಗಿ ಅಳೆಯಲಾಗದು. ಆದ್ದರಿಂದ ಮಾದರಿಯ ಮೈಮೇಲೆಯೇ ಅಳೆದು, ಉಕ್ಕಿನ ಕಾರ್ಖಾನೆಗೆ ತಗಡುಗಳ ಪಟ್ಟಿಯನ್ನು ಕಳುಹಿಸುತ್ತಿದ್ದರು. ಅಂದರೆ ಆ ಗೀಟುಗಳೇ ಹಡಗು ನಿರ್ಮಾಣದ ಲೆಕ್ಕಪುಸ್ತಕ.

ಮೂರನೆಯದು ಪ್ರದರ್ಶನದ ಮಾದರಿ. ಹೊಗೆಕೊಳವೆ, ದೋಣಿ, ಫಿರಂಗಿ, ಲಂಗರು ಎಲ್ಲವನ್ನೂ ಅಂದವಾಗಿ ಮಾಡಿ, ಗಾಜಿನ ಪೆಟ್ಟಿಗೆಯಲ್ಲಿಟ್ಟು, ಹಿಂದೆ ಕನ್ನಡಿ ಕೂರಿಸುತ್ತಿದ್ದರು. ಎದುರು ನಿಂತವರಿಗೆ ಅರ್ಧ ಹಡಗೂ ಅದರ ಬಿಂಬವೂ ಸೇರಿ ಇಡೀ ಹಡಗೇ ಕಾಣುತ್ತದೆ. ಕನ್ನಡಿಯ ಹಿಂಬದಿಯ ಲೇಪ ಕಲೆಗಟ್ಟಿದ್ದರೂ ಅದನ್ನು ಬದಲಿಸಬಾರದು. ಅದು ಮಾದರಿಯ ವಯಸ್ಸಿಗೆ ಸಾಕ್ಷಿ.

ಎರಡನೆಯ ಹೆಜ್ಜೆ: ಬೆನ್ನನ್ನು ಓದುವುದು

ಎಲ್ಲರೂ ಮಾದರಿಯ ಮುಂಭಾಗವನ್ನು ನೋಡುತ್ತಾರೆ. ಬಲ್ಲವರು ಮೊದಲು ಅದರ ಬೆನ್ನನ್ನು ನೋಡುತ್ತಾರೆ. ಮೇಜಿನ ಮೇಲೆ ದಪ್ಪನೆಯ ಮೆತ್ತನೆ ಬಟ್ಟೆ ಹಾಸಿ, ಇಬ್ಬರು ಸೇರಿ ಎತ್ತಿ, ಮಾದರಿಯನ್ನಲ್ಲ, ಹಿಂದಿನ ಹಲಗೆಯನ್ನು ಹಿಡಿದು ಮಗುಚಬೇಕು. ಮುಂಚಾಚಿದ ಭಾಗಗಳಿರುವ ಪ್ರದರ್ಶನದ ಮಾದರಿಯನ್ನು ಮಗುಚುವುದೇ ಬೇಡ. ನಿಲ್ಲಿಸಿಕೊಂಡು ಹಿಂದಿನಿಂದ ನೋಡಿದರಾಯಿತು.

ಹಲಗೆಯ ಹಿಂದೆ ಪೆನ್ಸಿಲ್ಲಿನ ಬರಹ, ಹಡಗುಕಟ್ಟೆಯ ಕೆಲಸದ ಸಂಖ್ಯೆ, ಹಳೆಯ ಹರಾಜಿನ ಚೀಟಿ, ಪ್ರದರ್ಶನದ ಲೇಬಲ್ಲು ಇರಬಹುದು. ಕೆಲಸದ ಸಂಖ್ಯೆ ಸಿಕ್ಕರೆ ಅರ್ಧ ದಾರಿ ಸವೆದಂತೆ, ಏಕೆಂದರೆ ಖಾಸಗಿ ಹಡಗುಕಟ್ಟೆಗಳು ತಾವು ಕಟ್ಟಿದ ಪ್ರತಿಯೊಂದು ಹಡಗಿಗೂ ಹೆಸರಿಡುವ ಮೊದಲೇ ಒಂದು ಸಂಖ್ಯೆಯನ್ನು ಕೊಡುತ್ತಿದ್ದವು. ಮುಂಭಾಗದಲ್ಲಿ ಹಿತ್ತಾಳೆಯ ಫಲಕದಲ್ಲಿ ಕೆತ್ತಿದ ಹೆಸರನ್ನು ಮಾತ್ರ ನಂಬಿಕೊಂಡು ಕೂರಬಾರದು. ಫಲಕವನ್ನು ಯಾರು ಯಾವಾಗ ಬೇಕಾದರೂ ಅಂಟಿಸಬಹುದು.

ತಿರುಪುಮೊಳೆಗಳು ಕೂಡ ಮಾತನಾಡುತ್ತವೆ. ತಲೆಯ ಮೇಲೆ ಪ್ಲಸ್ ಗುರುತಿದ್ದರೆ ಆ ಮೊಳೆ 1930ರ ದಶಕಕ್ಕಿಂತ ಹಿಂದಿನದಲ್ಲ. ಒಂದೇ ಗೆರೆಯ ತಲೆಯಿದ್ದು ತುದಿ ಮೊಂಡಾಗಿದ್ದರೆ ಅದು ಹತ್ತೊಂಬತ್ತನೆಯ ಶತಮಾನದ ನಡುಭಾಗಕ್ಕಿಂತ ಹಿಂದಿನದಾಗಿರುವ ಸಂಭವ ಹೆಚ್ಚು, ಏಕೆಂದರೆ ಚೂಪು ತುದಿಯ ಯಂತ್ರನಿರ್ಮಿತ ತಿರುಪುಗಳು ಇಂಗ್ಲೆಂಡಿನಲ್ಲಿ ಬಳಕೆಗೆ ಬಂದದ್ದು 1850ರ ದಶಕದಲ್ಲಿ. ಹಲಗೆಯೇ ಪ್ಲೈವುಡ್ ಅಥವಾ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಆಗಿದ್ದರೆ ಎರಡು ಸಾಧ್ಯತೆಗಳಿವೆ: ಹಳೆಯ ಮಾದರಿಗೆ ಹೊಸ ಹಲಗೆ ಹಾಕಿರಬಹುದು, ಇಲ್ಲವೇ ಮಾದರಿಯೇ ಹೊಸದಾಗಿರಬಹುದು. ಒಂದೇ ಸುಳಿವಿನಿಂದ ತೀರ್ಪು ಕೊಡದೆ ಸುಳಿವುಗಳನ್ನು ಬರೆದಿಟ್ಟುಕೊಂಡು ಮುಂದಕ್ಕೆ ಹೋಗಬೇಕು.

ಈ ಹಂತದಲ್ಲೇ ಎಲ್ಲ ಕೋನಗಳಿಂದ ಛಾಯಾಚಿತ್ರ ತೆಗೆಯಬೇಕು. ಕೋಣೆಯನ್ನು ಕತ್ತಲು ಮಾಡಿ, ಒಂದು ಟಾರ್ಚನ್ನು ಮಾದರಿಯ ಮೈಗೆ ಒರಗಿದಂತೆ ಹಿಡಿದು ಓರೆ ಬೆಳಕಿನಲ್ಲಿ ನೋಡಿದರೆ, ನೇರ ಬೆಳಕಿನಲ್ಲಿ ಕಾಣದ ಗೀಚುಗಳು, ಬಣ್ಣದಡಿ ಹುದುಗಿದ ಗೆರೆಗಳು, ಮುಚ್ಚಿದ ತೂತುಗಳು ಒಂದೊಂದಾಗಿ ಮೇಲೆದ್ದು ಬರುತ್ತವೆ. ನೋಟು ಪರೀಕ್ಷಿಸಲು ಅಂಗಡಿಗಳಲ್ಲಿ ಬಳಸುವ ಅತಿನೇರಳೆ ದೀಪವೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅರಗಿನಿಂದ ಮಾಡಿದ ಹಳೆಯ ಮೆರುಗು ಅದರಡಿಯಲ್ಲಿ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತದೆ. ಇತ್ತೀಚೆಗೆ ಬಣ್ಣ ತಿದ್ದಿದ ಜಾಗಗಳು ಕಪ್ಪು ತೇಪೆಗಳಂತೆ ಬೇರೆಯಾಗಿ ನಿಲ್ಲುತ್ತವೆ.

ಮೂರನೆಯ ಹೆಜ್ಜೆ: ಅಳತೆಯಿಂದ ಹಡಗನ್ನು ಹುಡುಕುವುದು

ಇದು ನಿಧಾನದ ಕೆಲಸ, ಆದರೆ ಇದರಷ್ಟು ಖುಷಿ ಕೊಡುವ ಭಾಗ ಬೇರೊಂದಿಲ್ಲ. ಮಾದರಿಯ ಉದ್ದವನ್ನು ನೀರಿನ ಗೆರೆಯ ಮಟ್ಟದಲ್ಲಿ, ಮೂತಿಯಿಂದ ಚುಕ್ಕಾಣಿಯ ಕಂಬದವರೆಗೆ ಅಳೆಯಿರಿ. ಆಮೇಲೆ ಒಡಲು ಹಲಗೆಯಿಂದ ಅತಿ ಹೆಚ್ಚು ಮುಂದಕ್ಕೆ ಬಂದಿರುವ ಜಾಗದಲ್ಲಿ ಅದರ ದಪ್ಪವನ್ನು ಅಳೆದು ಎರಡು ಪಟ್ಟು ಮಾಡಿದರೆ ಹಡಗಿನ ಅಗಲ ಸಿಗುತ್ತದೆ. ಉದ್ದವನ್ನು ಅಗಲದಿಂದ ಭಾಗಿಸಿದಾಗ ಬರುವ ಅಂಕೆಗೆ ಪ್ರಮಾಣದ ಹಂಗಿಲ್ಲ. ಮಾದರಿ ಚಿಕ್ಕದಾಗಲಿ ದೊಡ್ಡದಾಗಲಿ ಆ ಅಂಕೆ ಹಡಗಿನದೇ.

ಎಚ್‌ಎಂಎಸ್ (ಬ್ರಿಟಿಷ್ ನೌಕಾಪಡೆಯ ಹಡಗುಗಳ ಹೆಸರಿನ ಮುಂದೆ ಸೇರಿಸುವ ಗುರುತು) ವಾರಿಯರ್ ಹಡಗನ್ನೇ ತೆಗೆದುಕೊಳ್ಳೋಣ. ಥೇಮ್ಸ್ ದಂಡೆಯ ಬ್ಲ್ಯಾಕ್‌ವಾಲ್‌ನಲ್ಲಿ ಕಟ್ಟಿ 1860ರ ಡಿಸೆಂಬರ್ 29ರಂದು ನೀರಿಗಿಳಿಸಿದ, ಬ್ರಿಟನ್ನಿನ ಮೊದಲ ಕಬ್ಬಿಣದೊಡಲಿನ ಕವಚನೌಕೆ ಅದು. ಅದರ ಉದ್ದ ಸುಮಾರು 380 ಅಡಿ, ಅಗಲ ಸುಮಾರು 58 ಅಡಿ, ಭಾಗಿಸಿದರೆ ಆರೂವರೆ. 1876ರಲ್ಲಿ ನೀರಿಗಿಳಿದ ಇನ್‌ಫ್ಲೆಕ್ಸಿಬಲ್ 320 ಅಡಿ ಉದ್ದ, 75 ಅಡಿ ಅಗಲ; ಅಲ್ಲಿ ಉತ್ತರ ನಾಲ್ಕೂಕಾಲು. ಒಂದು ತೆಳ್ಳಗಿನ ಉದ್ದನೆಯ ಹಡಗು, ಇನ್ನೊಂದು ನಡುವೆ ಎರಡು ಭಾರಿ ಫಿರಂಗಿ ಗೋಪುರಗಳನ್ನು ಹೊತ್ತ ಗಿಡ್ಡ ದಪ್ಪ ಹಡಗು. ಈ ಎರಡರ ಮಾದರಿಗಳನ್ನು ಯಾರಾದರೂ ಅದಲುಬದಲು ಮಾಡಿ ಹೆಸರಿಟ್ಟಿದ್ದರೆ ಒಂದು ಟೇಪು ಸಾಕು, ಗುಟ್ಟು ಹೊರಬೀಳುತ್ತದೆ.

ಪ್ರಮಾಣವನ್ನು ಕಂಡುಕೊಳ್ಳಲು ಇಂಚು ಪಟ್ಟಿಯನ್ನೇ ಬಳಸಬೇಕು, ಸೆಂಟಿಮೀಟರ್ ಬೇಡ. ಬ್ರಿಟಿಷ್ ಹಡಗುಕಟ್ಟೆಗಳಲ್ಲಿ ಕಾಲಿಂಚಿಗೆ ಒಂದಡಿ ಎಂಬ 1:48ರ ಪ್ರಮಾಣ ಬಹಳ ಬಳಕೆಯಲ್ಲಿತ್ತು; ಅರೆಕಾಲಿಂಚಿಗೆ ಒಂದಡಿ ಎಂದರೆ 1:96. ವಾರಿಯರ್ ಹಡಗಿನ 380 ಅಡಿ 1:96ರಲ್ಲಿ ನಲವತ್ತೇಳೂವರೆ ಇಂಚಾಗುತ್ತದೆ. 1:48ರಲ್ಲಿ ಅದೇ ಹಡಗು ಎಂಟು ಅಡಿಗೆ ಒಂದು ಇಂಚು ಕಡಿಮೆ. ಪದರಗಳ ಮಾದರಿಯಾದರೆ ಇನ್ನೊಂದು ತಾಳೆ ನೋಡುವ ದಾರಿಯಿದೆ. ಪದರದ ದಪ್ಪವನ್ನು ನಿಮಗೆ ತೋಚಿದ ಪ್ರಮಾಣದಿಂದ ಹಿಗ್ಗಿಸಿ ನೋಡಿ. ಅರ್ಧ ಇಂಚಿನ ಪದರ 1:48ರಲ್ಲಿ ಸರಿಯಾಗಿ ಎರಡು ಅಡಿಯಾಗುತ್ತದೆ. ಕುಶಲಕರ್ಮಿಗಳು ಇಂಥ ಪೂರ್ಣ ಅಳತೆಗಳನ್ನೇ ಆರಿಸಿಕೊಳ್ಳುತ್ತಿದ್ದರಾದ್ದರಿಂದ, ಉತ್ತರ ಎರಡಡಿ ಏಳಿಂಚು ಎಂದು ಅಡ್ಡಾದಿಡ್ಡಿ ಬಂದರೆ ನಿಮ್ಮ ಊಹೆ ತಪ್ಪಿರಬಹುದು.

ಆಕಾರವೂ ಕಾಲವನ್ನು ಹೇಳುತ್ತದೆ. ಒಡಲಿನ ನಡುಭಾಗದಲ್ಲಿ ಅರ್ಧವೃತ್ತದ ತಿಳಿ ಕಲೆಯೂ ಸುತ್ತ ಮೊಳೆಯ ತೂತುಗಳೂ ಇದ್ದರೆ ಅಲ್ಲೊಂದು ಪ್ಯಾಡಲ್ ಚಕ್ರದ, ಅಂದರೆ ಹಡಗಿನ ಬದಿಯಲ್ಲಿ ತಿರುಗಿ ನೀರನ್ನು ತಳ್ಳುವ ಚಕ್ರದ, ಗೂಡು ಇದ್ದು ಕಳಚಿ ಹೋಗಿದೆ ಎಂದರ್ಥ. 1820ರಿಂದ 1840ರ ದಶಕದವರೆಗಿನ ಉಗಿ ಯುದ್ಧನೌಕೆಗಳಿಗೆ ಇಂಥ ಚಕ್ರಗಳಿದ್ದವು. ಹಿಂಬದಿಯಲ್ಲಿ ಚುಕ್ಕಾಣಿಗೂ ಒಡಲಿಗೂ ನಡುವೆ ಕಿಟಕಿಯಂಥ ತೆರವಿದ್ದರೆ ಅದು ಪ್ರೊಪೆಲರಿನ ಜಾಗ. ಪ್ರೊಪೆಲರ್ ಮೇಲೋ ಪ್ಯಾಡಲ್ ಮೇಲೋ ಎಂಬ ವಾದವಿದ್ದ ಕಾಲದಲ್ಲಿ, 1845ರ ಏಪ್ರಿಲಿನಲ್ಲಿ ರ‍್ಯಾಟ್ಲರ್ ಎಂಬ ಪ್ರೊಪೆಲರ್ ಹಡಗನ್ನೂ ಅಲೆಕ್ಟೋ ಎಂಬ ಪ್ಯಾಡಲ್ ಹಡಗನ್ನೂ ಹಿಂಬದಿಗೆ ಹಿಂಬದಿ ಹಗ್ಗದಿಂದ ಕಟ್ಟಿ ಎಳೆದಾಡಿಸಿದರು. ರ‍್ಯಾಟ್ಲರ್ ಎದುರಾಳಿಯನ್ನು ಎರಡು ನಾಟ್‌ಗಿಂತ ಹೆಚ್ಚಿನ ವೇಗದಲ್ಲಿ ಹಿಂದಕ್ಕೆ ಎಳೆದೊಯ್ದಿತು. ಮೂತಿ ನೀರಿನಡಿಯಲ್ಲಿ ಮುಂದಕ್ಕೆ ಚಾಚಿ ಗೂಳಿಯ ಕೊಂಬಿನಂತೆ ಗುಮ್ಮಲು ನಿಂತಿದ್ದರೆ ಆ ಹಡಗು ಬಹುತೇಕ 1860ರ ದಶಕದ್ದು ಅಥವಾ ಆಮೇಲಿನದು. 1866ರ ಜುಲೈ 20ರಂದು ಲಿಸ್ಸಾ ಕದನದಲ್ಲಿ ಆಸ್ಟ್ರಿಯಾದ ಹಡಗೊಂದು ಇಟಲಿಯ ರೆ ದಿಟಾಲಿಯ ನೌಕೆಯನ್ನು ಗುಮ್ಮಿ ಮುಳುಗಿಸಿದ ಮೇಲೆ ಈ ವಿನ್ಯಾಸ ಹಲವು ದಶಕ ಉಳಿಯಿತು.

ಬಣ್ಣವನ್ನು ಸಾಕ್ಷಿಯಾಗಿ ಬಳಸುವಾಗ ಎಚ್ಚರ ಬೇಕು. ವಿಕ್ಟೋರಿಯಾ ಕಾಲದ ಕೊನೆಯ ದಶಕಗಳಲ್ಲಿ ಬ್ರಿಟಿಷ್ ಯುದ್ಧನೌಕೆಗಳಿಗೆ ಕಪ್ಪು ಒಡಲು, ಬಿಳಿಯ ಮೇಲ್ಭಾಗ, ಹಳದಿ ಮಿಶ್ರಿತ ಹೊಗೆಕೊಳವೆ ಇರುತ್ತಿತ್ತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಎಲ್ಲವೂ ಬೂದುಬಣ್ಣಕ್ಕೆ ತಿರುಗಿತು. 1880ರ ದಶಕದ ಮಾದರಿ ಬೂದು ಬಣ್ಣದಲ್ಲಿದ್ದರೆ ಮೇಲೊಂದು ಪದರ ಆಮೇಲೆ ಬಿದ್ದಿರಬಹುದು. ಅದನ್ನು ಕೆರೆದು ನೋಡಬೇಡಿ.

ಮರದ ವಿಚಾರವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಇಂಗ್ಲೆಂಡಿನ ಮಾದರಿಗಳು ಹೆಚ್ಚಾಗಿ ಹಗುರವಾದ ಪೈನ್ ಮರದವು. ಎತ್ತಿದಾಗ ಭಾರವೆನಿಸಿ, ಬಣ್ಣ ಬಿಟ್ಟುಹೋದ ಕಡೆ ಎಣ್ಣೆಯಂಶದ ಕಂದು ತೇಗ ಕಂಡರೆ ಬೊಂಬಾಯಿಯ ಹಡಗುಕಟ್ಟೆಯ ಕಡೆಗೂ ಒಮ್ಮೆ ಯೋಚಿಸಬೇಕು. ವಾಡಿಯಾ ಮನೆತನದ ಪಾರ್ಸಿ ಕುಶಲಕರ್ಮಿಗಳು ಅಲ್ಲಿ ಮಲಬಾರ್ ಮತ್ತು ನಮ್ಮ ಕೆನರಾ ಕಾಡುಗಳ ತೇಗದಿಂದ ಹಡಗು ಕಟ್ಟುತ್ತಿದ್ದರು. 1829ರಲ್ಲಿ ಅಲ್ಲಿ ನೀರಿಗಿಳಿದ ಹ್ಯೂ ಲಿಂಡ್ಸೆ ಎಂಬ ಉಗಿನೌಕೆ ಮರುವರ್ಷ ಬೊಂಬಾಯಿಯಿಂದ ಸುಯೆಜ್‌ವರೆಗೆ ಅಂಚೆಯನ್ನು ಹೊತ್ತು ಹೋಯಿತು. ತೇಗ ಕಂಡ ಮಾತ್ರಕ್ಕೆ ಬೊಂಬಾಯಿಯದೆಂದು ಸಾರುವಂತಿಲ್ಲ, ಆದರೆ ಆ ಸಾಧ್ಯತೆಯನ್ನು ಬಿಡುವಂತೆಯೂ ಇಲ್ಲ.

ನಾಲ್ಕನೆಯ ಹೆಜ್ಜೆ: ನಕ್ಷೆಯೊಂದಿಗೆ ತಾಳೆ ನೋಡುವುದು

ಹೆಸರಿನ ಊಹೆಯೊಂದು ಮೂಡಿದ ಮೇಲೆ ಮೂಲ ನಕ್ಷೆಗಳನ್ನು ಹುಡುಕಬೇಕು. ಬ್ರಿಟಿಷ್ ನೌಕಾಪಡೆಯ ಹಡಗುಗಳ ನಕ್ಷೆಗಳ ಬಹುದೊಡ್ಡ ಸಂಗ್ರಹ ಗ್ರೀನಿಚ್‌ನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂನದು. ಆ ಸಂಸ್ಥೆಯ ಮಾದರಿಗಳಲ್ಲಿ ಬಹಳಷ್ಟನ್ನು ಚಾಥಮ್‌ನ ಹಳೆಯ ಹಡಗುಕಟ್ಟೆಯ ಕಮ್ಮಾರಸಾಲೆಯ ಕಟ್ಟಡದಲ್ಲಿ ಇಡಲಾಗಿದೆ. ಕ್ಲೈಡ್ ನದಿಯ ಹಡಗುಕಟ್ಟೆಗಳ ವ್ಯವಹಾರದ ಕಾಗದಪತ್ರಗಳು ಗ್ಲಾಸ್ಗೋ ವಿಶ್ವವಿದ್ಯಾಲಯದ ದಾಖಲೆಗಾರದಲ್ಲಿವೆ. ನಿಮ್ಮ ಅಳತೆ, ಛಾಯಾಚಿತ್ರ, ಬೆನ್ನಿನ ಬರಹದ ನಕಲು ಮೂರನ್ನೂ ಒಟ್ಟಿಗೆ ಕಳುಹಿಸಿ ಕೇಳಿದರೆ ಅವರ ಕೆಲಸವೂ ಹಗುರವಾಗುತ್ತದೆ. ವಾರಿಯರ್ ಹಡಗಂತೂ 1987ರಿಂದ ಪೋರ್ಟ್ಸ್‌ಮತ್‌ನಲ್ಲಿ ನೀರಿನ ಮೇಲೆಯೇ ನಿಂತಿದೆ. ಅದರ ಮಾದರಿಯನ್ನು ನೋಡಿದವರು ಒಮ್ಮೆ ಆ ಹಡಗಿನ ಮೂತಿಯ ಕೆಳಗೆ ನಿಂತು ಬಾಗಿನ ಗೆರೆಯನ್ನು ನೋಡಿ ಬರಬೇಕು.

ತಾಳೆ ನೋಡುವಾಗ ಒಂದು ಮಾತು ನೆನಪಿರಲಿ: ಅರ್ಧಮಾದರಿ ತೋರಿಸುವುದು ಹಡಗು ಹೇಗೆ ಆಗಬೇಕೆಂದಿತ್ತೋ ಅದನ್ನು, ಹೇಗೆ ಆಯಿತೋ ಅದನ್ನಲ್ಲ. ಎಚ್‌ಎಂಎಸ್ ಕ್ಯಾಪ್ಟನ್ ಹಡಗಿನ ಕಥೆ ಇದಕ್ಕೆ ಘೋರ ನಿದರ್ಶನ. ನೀರಿನ ಗೆರೆಯಿಂದ ಡೆಕ್ಕಿನವರೆಗೆ ಎಂಟು ಅಡಿ ಎತ್ತರವಿರಬೇಕೆಂಬುದು ವಿನ್ಯಾಸದ ಲೆಕ್ಕ. ಕಟ್ಟುವಾಗ ತೂಕ ಮಿತಿಮೀರಿ, ನೀರಿಗಿಳಿದ ಹಡಗಿನಲ್ಲಿ ಉಳಿದದ್ದು ಸುಮಾರು ಆರೂವರೆ ಅಡಿ. ಮೇಲೆ ಪೂರ್ತಿ ಹಾಯಿಗಳ ಎತ್ತರದ ಕಂಬಗಳು ಬೇರೆ. 1870ರ ಸೆಪ್ಟೆಂಬರ್ 7ರಂದು ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಸ್ಪೇನಿನ ಫಿನಿಸ್ಟೆರ್ ಭೂಶಿರದಾಚೆ ಬಿರುಗಾಳಿಗೆ ಅದು ಮಗುಚಿತು. ಸುಮಾರು 480 ಮಂದಿ ಸತ್ತರು, ಹಡಗಿನ ಕಲ್ಪನೆಯನ್ನು ಹೊತ್ತು ಹೋರಾಡಿದ್ದ ಕೂಪರ್ ಕೋಲ್ಸ್ ಕೂಡ ಅದರಲ್ಲೇ ಇದ್ದು ಪ್ರಾಣಬಿಟ್ಟರು. ಮಾದರಿಯ ಮೇಲೆ ಎಳೆದ ನೀರಿನ ಗೆರೆ ವಿನ್ಯಾಸಕಾರನ ಭರವಸೆ. ಆ ಗೆರೆಯಿಂದ ಡೆಕ್ಕಿನವರೆಗಿನ ಅಂತರವನ್ನು ಅಳೆದು, ನಿಜವಾದ ಹಡಗಿನ ದಾಖಲೆಯೊಂದಿಗೆ ಹೋಲಿಸಿದಾಗ ಬರುವ ವ್ಯತ್ಯಾಸವನ್ನು ತಪ್ಪೆಂದು ತಳ್ಳಿಹಾಕದೆ ಬರೆದಿಟ್ಟುಕೊಳ್ಳಬೇಕು.

ಐದನೆಯ ಹೆಜ್ಜೆ: ಶುಚಿ ಮಾಡುವುದು, ಅಂದರೆ ಆದಷ್ಟೂ ಮಾಡದಿರುವುದು

ನನ್ನ ಪರಿಚಯದ ಮನೆಯೊಂದರಲ್ಲಿ ಬಿಳಿ ಬಣ್ಣದ ತಗಡುಹಾಸಿನ ಮಾದರಿಯೊಂದಿತ್ತು. ಮನೆಗೆ ನೆಂಟರು ಬರುವ ಮುನ್ನಾದಿನ ಯಾರೋ ಒಳ್ಳೆಯ ಮನಸ್ಸಿನಿಂದಲೇ ಒದ್ದೆ ಬಟ್ಟೆಯಿಂದ ಅದನ್ನು ಒರೆಸಿದರು. ನಾನು ನೋಡುವ ಹೊತ್ತಿಗೆ ಮೂತಿಯ ಕಡೆಯ ಗೇಣುದ್ದದ ಜಾಗ ಬೆಳ್ಳಗೆ ಫಳಫಳಿಸುತ್ತಿತ್ತು. ಅದರ ಅಂಚಿನಲ್ಲಿ ಶಾಯಿ ಹರಡಿ ತಿಳಿಬೂದು ಮೋಡದಂತಾಗಿತ್ತು. ಅದರಾಚೆ, ಬಟ್ಟೆ ತಾಗದ ಕಡೆ, ಕೂದಲೆಳೆಯಷ್ಟು ಸಣ್ಣ ಗೆರೆಗಳ ನಡುವೆ ಅಂಕೆಗಳು ಇನ್ನೂ ಸಾಲಾಗಿ ಕೂತಿದ್ದವು. ಅಳಿಸಿಹೋದ ತಗಡುಗಳ ಲೆಕ್ಕ ಮತ್ತೆ ಬರಲಿಲ್ಲ. ಆದ್ದರಿಂದ ಗಟ್ಟಿಯಾಗಿ ಹೇಳುತ್ತೇನೆ: ಶಾಯಿಯ ಗೆರೆಯಿರುವ ಮಾದರಿಗೆ ನೀರು ತಾಗಿಸಲೇಬಾರದು.

ಮೆತ್ತನೆಯ ಕೂದಲಿನ ಚಿತ್ರಕಾರರ ಕುಂಚದಿಂದ ಧೂಳನ್ನು ಮೇಲಿನಿಂದ ಕೆಳಕ್ಕೆ ಸರಿಸಿ, ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ತೆಳ್ಳನೆಯ ಜಾಲರಿ ಬಟ್ಟೆ ಕಟ್ಟಿ, ಮೈಗೆ ತಾಗದಂತೆ ಸ್ವಲ್ಪ ದೂರದಲ್ಲಿ ಹಿಡಿದು ಆ ಧೂಳನ್ನು ಎಳೆದುಕೊಳ್ಳುವುದಿಷ್ಟೇ ಮನೆಯಲ್ಲಿ ಮಾಡಬಹುದಾದ ಶುಚಿಕಾರ್ಯ. ಜಾಲರಿ ಯಾಕೆಂದರೆ, ಬಿಡಿಯಾದ ಚಿಕ್ಕ ಭಾಗವೇನಾದರೂ ಕಳಚಿದರೆ ಅದು ಬಟ್ಟೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಕಳಚಿದ್ದನ್ನು ಫೆವಿಕಾಲಿನಂಥ ಬಿಳಿ ಅಂಟಿನಿಂದ ಕೂರಿಸದೆ, ಎಲ್ಲಿಂದ ಬಿತ್ತೆಂದು ಬರೆದ ಲಕೋಟೆಯಲ್ಲಿ ಹಾಕಿಡಬೇಕು. ಹಳಬರು ಬಳಸಿದ್ದು ಪ್ರಾಣಿಗಳ ಚರ್ಮ, ಮೂಳೆಗಳಿಂದ ಕಾಯಿಸಿದ ಮರವಜ್ರವೆಂಬ ಅಂಟು. ಅದು ತೇವಕ್ಕೂ ಬಿಸಿಗೂ ಸಡಿಲುವುದರಿಂದ ಮುಂದೆ ಬಿಚ್ಚಿ ಸರಿಪಡಿಸಬಹುದು. ಇಂದಿನ ಅಂಟು ಹಾಗೆ ಬಿಡಿಸಿಕೊಳ್ಳುವುದಿಲ್ಲ. ಮರಳುಕಾಗದವನ್ನಂತೂ ಹತ್ತಿರಕ್ಕೆ ತರಬಾರದು, ಏಕೆಂದರೆ ಆ ಕಾಲದ ಬಿಳಿ ಬಣ್ಣದಲ್ಲಿ ಸೀಸವಿರುತ್ತದೆ. ಅದರ ಪುಡಿ ಉಸಿರಿಗೆ ಹೋದರೆ ಆರೋಗ್ಯಕ್ಕೆ ಕೇಡು.

ಪ್ರದರ್ಶನದ ಮಾದರಿಗಳ ಲಂಗರು, ಫಿರಂಗಿಗಳ ಮೇಲೆ ಹಿಟ್ಟು ಉದುರಿದಂಥ ಬಿಳಿ ಪುಡಿ ಕಂಡರೆ ಅದನ್ನು ಧೂಳೆಂದು ತಿಳಿಯಬೇಡಿ. ಓಕ್ ಮರ, ಪ್ಲೈವುಡ್, ಕೆಲವು ಬಗೆಯ ಸಿಲಿಕೋನ್ ಅಂಟುಗಳು ಬಿಡುವ ಆಮ್ಲದ ಆವಿ ಮುಚ್ಚಿದ ಗಾಜಿನ ಪೆಟ್ಟಿಗೆಯೊಳಗೆ ಸೇರಿಕೊಂಡು ಸೀಸದ ಭಾಗಗಳನ್ನು ತಿಂದುಹಾಕುತ್ತದೆ. ಆ ಬಿಳಿ ಪುಡಿ ಸೀಸದ ಕಾರ್ಬೊನೇಟ್, ವಿಷಕಾರಿ. ಕೈಗವಸು ಹಾಕಿಕೊಂಡು, ಪುಡಿಯನ್ನು ಊದದೆ ಕೆದಕದೆ, ಪೆಟ್ಟಿಗೆಗೆ ಗಾಳಿಯಾಡುವಂತೆ ಮಾಡಿ, ಸಂರಕ್ಷಣಾ ತಜ್ಞರನ್ನು ಕರೆಯಬೇಕು.

ಕುಟ್ಟೆ ಹುಳುವಿನ ತೂತುಗಳಿದ್ದರೆ ಹುಳು ಇನ್ನೂ ಇದೆಯೇ ಎಂಬುದು ಪ್ರಶ್ನೆ. ಮಾದರಿಯ ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ವಾರ ಅಲುಗಿಸದೆ ಬಿಟ್ಟು ನೋಡಿ. ಹೊಸದಾಗಿ ತಿಳಿಬಣ್ಣದ ಹುಡಿ ಬಿದ್ದಿದ್ದರೆ ಹುಳು ಜೀವಂತವಾಗಿದೆ. ಆ ಮಾದರಿಯನ್ನು ಕೂಡಲೇ ಪಾಲಿಥೀನಿನಲ್ಲಿ ಸುತ್ತಿ ಉಳಿದ ಮರದ ಸಾಮಾನಿನಿಂದ ಬೇರೆ ಇಡಬೇಕು. ಸೀಮೆಎಣ್ಣೆ ಸವರುವ ಮನೆಮದ್ದು ಬಣ್ಣವನ್ನೂ ಮೆರುಗನ್ನೂ ಕೆಡಿಸುತ್ತದೆ.

ಕೊನೆಗೆ: ಗೋಡೆಗೆ ಏರಿಸುವುದು

ಕೊಂಡು ತರುವವರಿಗೆ ಮೊದಲು ಒಂದು ಸೂಚನೆ. ಮಾದರಿಯಲ್ಲಿ ದಂತದ ಚೂರುಗಳಿದ್ದರೆ ಗಡಿ ದಾಟಿಸುವಾಗ ಕಾನೂನಿನ ತೊಡಕಿದೆ; ಬ್ರಿಟನ್ನಿನ 2018ರ ದಂತ ಕಾಯ್ದೆಯ ಪ್ರಕಾರ ಅದರ ಮಾರಾಟಕ್ಕೂ ನಿರ್ಬಂಧಗಳಿವೆ. ನೂರು ವರ್ಷ ಮೀರಿದ ವಸ್ತು ಭಾರತದಲ್ಲಿದ್ದರೆ, ಅದನ್ನು ಹೊರದೇಶಕ್ಕೆ ಕಳುಹಿಸುವ ಮುನ್ನ 1972ರ ಪ್ರಾಚೀನ ವಸ್ತುಗಳ ಕಾಯ್ದೆಯ ಬಗ್ಗೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಲ್ಲಿ ವಿಚಾರಿಸುವುದು ಒಳ್ಳೆಯದು.

ತೂಗುಹಾಕಲು ಹಗ್ಗ, ತಂತಿ ಬೇಡ. ಎರಡು ಮರದ ಪಟ್ಟಿಗಳ ಅಂಚನ್ನು ಓರೆಯಾಗಿ ಕೊಯ್ದು, ಒಂದನ್ನು ಗೋಡೆಗೂ ಇನ್ನೊಂದನ್ನು ಹಿಂದಿನ ಹಲಗೆಗೂ ಬಿಗಿದರೆ ಒಂದು ಇನ್ನೊಂದರ ಮೇಲೆ ಕಚ್ಚಿ ಕೂರುತ್ತದೆ, ಭಾರ ಇಡೀ ಉದ್ದಕ್ಕೆ ಹಂಚಿಹೋಗುತ್ತದೆ. ಹಲಗೆಯಲ್ಲಿ ಹಳೆಯ ತೂತುಗಳಿದ್ದರೆ ಅವನ್ನೇ ಬಳಸಿಕೊಳ್ಳಬೇಕು, ಹೊಸದನ್ನು ಕೊರೆಯಬಾರದು. ಓರೆಪಟ್ಟಿಗಳಿಂದಾಗಿ ಗೋಡೆಗೂ ಹಲಗೆಗೂ ನಡುವೆ ಬೆರಳಗಲ ಜಾಗ ಉಳಿದು ಗಾಳಿಯಾಡುತ್ತದೆ. ಮಂಗಳೂರು, ಕಾರವಾರದಂಥ ಊರುಗಳಲ್ಲಿ ಮಳೆಗಾಲಕ್ಕೆ ಹೊರಗೋಡೆ ಬೆವರುವುದರಿಂದ ಒಳಗೋಡೆಯನ್ನೇ ಆರಿಸಿಕೊಳ್ಳಬೇಕು. ಬಿಸಿಲು ನೇರ ಬೀಳುವ ಕಿಟಕಿಯ ಎದುರು, ಅಡುಗೆಮನೆಯ ಪಕ್ಕ, ಏಸಿಯ ಗಾಳಿ ನೇರ ಬಡಿಯುವ ಕಡೆ ಬೇಡ. ಗಾಳಿಯ ತೇವಾಂಶ ನೂರಕ್ಕೆ 45ರಿಂದ 55ರ ನಡುವೆ ಇದ್ದರೆ ಉತ್ತಮ. ಅಷ್ಟು ಸಾಧ್ಯವಾಗದಿದ್ದರೂ ದಿನದಿನಕ್ಕೆ ಏರಿಳಿತ ಕಡಿಮೆಯಿರುವಂತೆ ನೋಡಿಕೊಳ್ಳಬೇಕು, ಏಕೆಂದರೆ ಪದರಗಳ ಬೆಸುಗೆ ಬಾಯಿಬಿಡುವುದು ಹಿಗ್ಗಿ ಕುಗ್ಗುವ ಈ ಆಟದಿಂದಲೇ.

ಇಷ್ಟು ಹೊತ್ತು ಬರೆದಿಟ್ಟುಕೊಂಡ ಅಳತೆ, ಛಾಯಾಚಿತ್ರ, ಬೆನ್ನಿನ ಬರಹದ ನಕಲು, ಎಲ್ಲಿಂದ ಯಾವಾಗ ಬಂತೆಂಬ ವಿವರಗಳನ್ನು ಆಮ್ಲರಹಿತ ಕಾಗದದ ಲಕೋಟೆಯಲ್ಲಿ ಹಾಕಿ, ಹಲಗೆಗೆ ಅಂಟಿಸದೆ ಬೀರುವಿನಲ್ಲಿ ಇಡಬೇಕು. ಲಕೋಟೆ ಎಲ್ಲಿದೆ ಎಂಬುದನ್ನು ಮನೆಯ ಇನ್ನೊಬ್ಬರಿಗೆ ತಿಳಿಸಿರಬೇಕು. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಮಾದರಿಯನ್ನು ಇಳಿಸಿ, ಹಿಂದೆ ಬೂಷ್ಟು ಬಂದಿದೆಯೇ, ಗೆದ್ದಲಿನ ಮಣ್ಣಿನ ಜಾಡು ಗೋಡೆಯಿಂದ ಹತ್ತಿದೆಯೇ, ಬೆಸುಗೆಗಳು ಅಗಲವಾಗಿವೆಯೇ ಎಂದು ನೋಡಿ, ದಿನಾಂಕ ಹಾಕಿ ಅದೇ ಲಕೋಟೆಯ ಕಾಗದದಲ್ಲಿ ಒಂದು ಸಾಲು ಬರೆಯಬೇಕು.